ಪರೀಕ್ಷೆ ಹೇಳುವುದು ಯಾವುದರ ವಯಸ್ಸು?

ಪ್ರಶ್ನೆ: ನಮ್ಮ ತಂದೆಯವರ ಸಂಗ್ರಹದಿಂದ ನನಗೆ ಎರಡು ಹಳೆಯ ವಸ್ತುಗಳು ಬಂದಿವೆ. ಒಂದು, ಓಕ್ ಮರದ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ, ಮೂಲೆಯಲ್ಲಿ ಸಹಿಯಿರುವ ಒಂದು ಚಿತ್ರ. ಇನ್ನೊಂದು, ಗೇಣುದ್ದದ ಸುಟ್ಟಮಣ್ಣಿನ ಕುದುರೆ. ಜೊತೆಯಲ್ಲಿರುವ ಪ್ರಮಾಣಪತ್ರದಲ್ಲಿ, ಕಾರ್ಬನ್ ಪರೀಕ್ಷೆಯ ಪ್ರಕಾರ ಚಿತ್ರಕ್ಕೆ 300 ವರ್ಷ, ಕುದುರೆಗೆ 1,200 ವರ್ಷ ವಯಸ್ಸಾಗಿದೆ, ಎರಡೂ ಅಸಲಿ ಎಂದು ಬರೆದಿದೆ. ಇದನ್ನು ನಂಬಬಹುದೇ? ವಿಜ್ಞಾನದಿಂದ ಖಚಿತ ಉತ್ತರ ಪಡೆಯಲು ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಬಳಿಯಿರುವ ಪ್ರಮಾಣಪತ್ರದಲ್ಲಿಯೇ ಒಂದು ದೊಡ್ಡ ತೊಡಕಿದೆ, ಅದರಿಂದಲೇ ಆರಂಭಿಸುತ್ತೇನೆ. ಸುಟ್ಟಮಣ್ಣಿನ ವಯಸ್ಸನ್ನು ಕಾರ್ಬನ್ ಪರೀಕ್ಷೆಯಿಂದ ನೇರವಾಗಿ ಹೇಳಲು ಬರುವುದಿಲ್ಲ. ಆ ಪರೀಕ್ಷೆಗೆ ಬೇಕಾದುದು ಒಂದು ಕಾಲದಲ್ಲಿ ಜೀವವಿದ್ದ ವಸ್ತು: ಮರ, ಬಟ್ಟೆ, ಮೂಳೆ, ದಂತ, ಚರ್ಮ, ಕಾಗದ, ಇದ್ದಿಲು ಇಂಥವು. ಜೇಡಿಮಣ್ಣು ಖನಿಜ, ಅದರಲ್ಲಿ ಬೆರೆತಿದ್ದ ಹುಲ್ಲೋ ಹೊಟ್ಟೋ ಸಾಮಾನ್ಯವಾಗಿ ಆವಿಗೆಯ ಬೆಂಕಿಯಲ್ಲಿ ಉರಿದುಹೋಗಿರುತ್ತದೆ. ಪಾತ್ರೆಯ ಹೊರಮೈಗೆ ಹಿಡಿದ ಮಸಿ ಅಥವಾ ಒಳಗೆ ಅಂಟಿದ ಜಿಡ್ಡು ಉಳಿದಿದ್ದರೆ ಅದನ್ನು ಪರೀಕ್ಷಿಸುವುದುಂಟು, ಆದರೆ ಒಂದು ಅಲಂಕಾರದ ಕುದುರೆಯಲ್ಲಿ ಅಂಥದ್ದು ಇರುವ ಸಂಭವ ಬಹಳ ಕಡಿಮೆ. ಆದ್ದರಿಂದ ಆ ಪತ್ರವನ್ನು ಬರೆದವರು ಪರೀಕ್ಷೆಯ ಹೆಸರನ್ನು ತಪ್ಪಾಗಿ ಬರೆದಿರಬೇಕು, ಇಲ್ಲವೇ ಪರೀಕ್ಷೆಯನ್ನೇ ಮಾಡಿಸಿರಲಿಕ್ಕಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯುವ ಒಂದು ಸುಲಭವಾದ ದಾರಿ ನಿಮ್ಮ ಕುದುರೆಯ ಮೇಲೆಯೇ ಇರಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇಷ್ಟು ವರ್ಷ ಈ ಕೆಲಸದಲ್ಲಿದ್ದು ನಾನು ಎಲ್ಲರಿಗೂ ಮೊದಲು ಹೇಳುವ ಮಾತೊಂದಿದೆ. ‘ಕಲಾಕೃತಿಯ ವಯಸ್ಸು’ ಎಂಬುದನ್ನು ಅಳೆಯುವ ಯಂತ್ರ ಎಲ್ಲಿಯೂ ಇಲ್ಲ. ಪ್ರತಿಯೊಂದು ಪರೀಕ್ಷೆಯೂ ಆ ಕೃತಿಯಲ್ಲಿರುವ ಒಂದು ವಸ್ತುವಿಗೆ ಸಂಬಂಧಿಸಿದ ಒಂದೇ ಒಂದು ಘಟನೆಯ ಕಾಲವನ್ನು ಹೇಳುತ್ತದೆ. ಮರದ ಕಾರ್ಬನ್ ಪರೀಕ್ಷೆ ಹೇಳುವುದು ಆ ಮರದ ಆ ಭಾಗ ಬೆಳೆದ ಕಾಲವನ್ನು. ಮಣ್ಣಿನ ಪರೀಕ್ಷೆ ಹೇಳುವುದು ಅದು ಕೊನೆಯ ಸಲ ಚೆನ್ನಾಗಿ ಕಾದ ಕಾಲವನ್ನು. ಸೀಸದ ಪರೀಕ್ಷೆ ಹೇಳುವುದು ಅದಿರಿನಿಂದ ಲೋಹವನ್ನು ಕರಗಿಸಿ ತೆಗೆದ ಕಾಲವನ್ನು. ಆ ಘಟನೆಗೂ ಕಲಾವಿದ ಕೈಯಿಟ್ಟು ಕೆಲಸ ಮಾಡಿದ ದಿನಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಯಂತ್ರ ಹೇಳದು. ಅದನ್ನು ಮನುಷ್ಯನೇ ಬೇರೆ ಸಾಕ್ಷ್ಯಗಳಿಂದ ವಾದಿಸಿ ಸ್ಥಾಪಿಸಬೇಕು. ನಕಲಿ ಮಾಡುವವರು ಹೊಕ್ಕು ಕೂರುವುದೇ ಈ ಅಂತರದಲ್ಲಿ.

ಇದಕ್ಕೆ ವಿನ್‌ಲ್ಯಾಂಡ್ ನಕ್ಷೆಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಕೊಲಂಬಸನಿಗೂ ಮೊದಲೇ ಉತ್ತರ ಅಮೆರಿಕದ ಕರಾವಳಿಯನ್ನು ಗುರುತಿಸಿದ ನಕ್ಷೆಯೆಂದು ಯೇಲ್ ವಿಶ್ವವಿದ್ಯಾಲಯ 1965ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟಿತು. ಮುಂದೆ ಅದರ ಚರ್ಮಪತ್ರವನ್ನು ಕಾರ್ಬನ್ ಪರೀಕ್ಷೆಗೆ ಒಳಪಡಿಸಿದಾಗ ಸುಮಾರು 1434 ಎಂಬ ಕಾಲ ಬಂದಿತು. ಅಂದರೆ ಚರ್ಮ ನಿಜವಾಗಿಯೂ 15ನೇ ಶತಮಾನದ್ದು. ಆದರೆ ಅದರ ಮೇಲಿನ ಗೆರೆಗಳ ಶಾಯಿಯಲ್ಲಿ, 20ನೇ ಶತಮಾನದಲ್ಲಿ ಮಾತ್ರ ಕೈಗಾರಿಕೆಯಲ್ಲಿ ತಯಾರಾದ ಟೈಟಾನಿಯಂ ಡೈಆಕ್ಸೈಡ್ ಕಂಡುಬಂದಿತು. ದಶಕಗಳ ವಾದ ವಿವಾದದ ಬಳಿಕ 2021ರಲ್ಲಿ ಯೇಲ್ ತಾನೇ ಇದು ನಕಲಿ ಎಂದು ಘೋಷಿಸಿತು. ಚರ್ಮವನ್ನು ಮಾತ್ರ ಪರೀಕ್ಷಿಸಿ ಪ್ರಮಾಣಪತ್ರ ಬರೆದಿದ್ದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ, ಆದರೂ ಅದನ್ನು ಓದಿದವರೆಲ್ಲ ಮೋಸಹೋಗುತ್ತಿದ್ದರು.

ಈಗ ನಿಮ್ಮ ಚಿತ್ರಕ್ಕೆ ಬರೋಣ. ಗಾಳಿಯಲ್ಲಿರುವ ಇಂಗಾಲದಲ್ಲಿ ಅತ್ಯಲ್ಪ ಭಾಗ ಇಂಗಾಲ-14 ಎಂಬ ವಿಕಿರಣಶೀಲ ಬಗೆಯದು. ಜೀವವಿರುವ ತನಕ ಗಿಡ ಮತ್ತು ಪ್ರಾಣಿಗಳು ಅದನ್ನು ಒಳಗೆ ತೆಗೆದುಕೊಳ್ಳುತ್ತಲೇ ಇರುತ್ತವೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ, ಇದ್ದುದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ವಿಲ್ಲರ್ಡ್ ಲಿಬ್ಬಿ ಈ ತತ್ತ್ವವನ್ನು 1940ರ ದಶಕದ ಕೊನೆಯಲ್ಲಿ ಕಾಲಗಣನೆಗೆ ಬಳಸಿ 1960ರಲ್ಲಿ ನೊಬೆಲ್ ಪಡೆದರು. ಆದರೆ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲವಾದ್ದರಿಂದ, ಅಳತೆಯಿಂದ ಬಂದ ಸಂಖ್ಯೆಯನ್ನು ಮರದ ಬೆಳವಣಿಗೆಯ ಉಂಗುರಗಳಿಂದ ರೂಪಿಸಿದ ಒಂದು ರೇಖೆಗೆ ಹೋಲಿಸಿ ನಿಜವಾದ ಇಸವಿಗೆ ಪರಿವರ್ತಿಸಬೇಕಾಗುತ್ತದೆ. ನಿಮ್ಮ ಚಿತ್ರಕ್ಕೆ ತೊಂದರೆಯಾಗುವುದು ಇಲ್ಲಿಯೇ. ಸುಮಾರು 1650ರಿಂದ 1950ರವರೆಗಿನ ಅವಧಿಯಲ್ಲಿ ಆ ರೇಖೆ ಏರುತ್ತ ಇಳಿಯುತ್ತ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಾಗುತ್ತದೆ. ಹೀಗಾಗಿ ಒಂದೇ ಅಳತೆಗೆ ಆ ಮೂರು ಶತಮಾನಗಳಲ್ಲಿ ಹಲವು ಇಸವಿಗಳು ಹೊಂದಿಕೊಳ್ಳುತ್ತವೆ. ‘300 ವರ್ಷ’ ಎಂಬ ಒಂದೇ ಸಂಖ್ಯೆಯನ್ನು, ಹೆಚ್ಚುಕಡಿಮೆಯ ವ್ಯಾಪ್ತಿಯನ್ನು ಸೂಚಿಸದೆ, ಕಾರ್ಬನ್ ಪರೀಕ್ಷೆಯ ಹೆಸರಿನಲ್ಲಿ ಬರೆದುಕೊಟ್ಟವರು ಈ ಪರೀಕ್ಷೆಯ ವರದಿಯೊಂದನ್ನು ಎಂದಾದರೂ ಓದಿದ್ದಾರೆಯೇ ಎಂಬ ಅನುಮಾನ ನನಗಿದೆ. ನಿಜವಾದ ವರದಿಯಲ್ಲಿ ಪ್ರಯೋಗಾಲಯದ ಮಾದರಿ ಸಂಖ್ಯೆ, ಪರಿವರ್ತನೆಗೆ ಮೊದಲಿನ ಅಳತೆ ಮತ್ತು ಅದರ ದೋಷದ ಮಿತಿ, ಪರಿವರ್ತನೆಯ ನಂತರದ ಇಸವಿಗಳ ವ್ಯಾಪ್ತಿ ಹಾಗೂ ಅದರ ಸಂಭವನೀಯತೆ ಇವೆಲ್ಲ ಇರಲೇಬೇಕು. ಏಸುವಿನ ಶವಕ್ಕೆ ಹೊದಿಸಿದ್ದೆಂದು ಹಲವರು ನಂಬುವ ಟ್ಯೂರಿನ್‌ನ ಪವಿತ್ರ ವಸ್ತ್ರವನ್ನು 1988ರಲ್ಲಿ ಆಕ್ಸ್‌ಫರ್ಡ್, ಜ್ಯೂರಿಕ್ ಮತ್ತು ಅರಿಜೋನಾದ ಮೂರು ಪ್ರಯೋಗಾಲಯಗಳು ಪರೀಕ್ಷಿಸಿದಾಗ ಫಲಿತಾಂಶ ಬಂದದ್ದು ‘1260ರಿಂದ 1390ರ ನಡುವೆ, ಶೇ. 95ರ ವಿಶ್ವಾಸದಲ್ಲಿ’ ಎಂಬ ರೂಪದಲ್ಲಿ.

ಓಕ್ ಹಲಗೆಗೆ ಇದಕ್ಕಿಂತ ಎಷ್ಟೋ ಮೇಲಾದ ವಿಧಾನವೆಂದರೆ ಮರದ ಉಂಗುರಗಳ ಕಾಲಗಣನೆ. ಮಳೆ ಬಿಸಿಲು ಚೆನ್ನಾಗಿದ್ದ ವರ್ಷ ಅಗಲವಾದ ಉಂಗುರ, ಬರಗಾಲದಲ್ಲಿ ಕಿರಿದಾದ ಉಂಗುರ. ಈ ಅಗಲ ಮತ್ತು ಕಿರಿದುಗಳ ಸಾಲು ಒಂದು ಪ್ರದೇಶದ ಎಲ್ಲ ಓಕ್ ಮರಗಳಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯಲ್ಲಿರುತ್ತದೆ. ಹಲಗೆಯ ಅಂಚಿನಲ್ಲಿ ಕಾಣುವ ಉಂಗುರಗಳನ್ನು ಅಳೆದು, ಈಗಾಗಲೇ ಇಸವಿ ಗೊತ್ತಿರುವ ಸಾಲಿನ ಮೇಲೆ ಹೊಂದಿಸಿದರೆ ಹಲಗೆಯಲ್ಲಿ ಉಳಿದಿರುವ ಕೊನೆಯ ಉಂಗುರದ ಇಸವಿ ನಿಖರವಾಗಿ ಸಿಗುತ್ತದೆ. ಹಲಗೆಗೆ ಯಾವ ಹಾನಿಯೂ ಆಗುವುದಿಲ್ಲ. ಆದರೆ ಬಡಗಿಗಳು ಹುಳು ಹಿಡಿಯುತ್ತದೆಂದು ತೊಗಟೆಯ ಬಳಿಯ ಎಳೆಯ ಮರವನ್ನು ಕೆತ್ತಿಹಾಕುತ್ತಿದ್ದರು. ಆದ್ದರಿಂದ ಕಡಿದ ಇಸವಿಯನ್ನು ತಿಳಿಯಲು ಕಳೆದುಹೋದ ಉಂಗುರಗಳನ್ನು ಅಂದಾಜಿನಿಂದ ಸೇರಿಸಬೇಕು, ಮರ ಒಣಗಲು ಹಿಡಿದ ವರ್ಷಗಳನ್ನೂ ಸೇರಿಸಬೇಕು. ಕೊನೆಗೆ ಸಿಗುವುದು ‘ಇದಕ್ಕಿಂತ ಮುಂಚೆ ಈ ಚಿತ್ರ ಬರೆದಿರಲು ಸಾಧ್ಯವಿಲ್ಲ’ ಎಂಬ ಗಡಿ. ಅದು ಬಲವಾದ ಗಡಿ. ಚಿತ್ರದ ಮೇಲೆ 1640 ಎಂದು ಬರೆದಿದ್ದು ಕೊನೆಯ ಉಂಗುರ 1702ರದಾಗಿದ್ದರೆ ಆ ಇಸವಿಯ ಪರವಾಗಿ ವಾದಿಸಲು ಏನೂ ಉಳಿಯುವುದಿಲ್ಲ. ಆದರೆ ಉಂಗುರ 1620ರದಾಗಿದ್ದರೆ ಚಿತ್ರ ಅಸಲಿಯೆಂದು ಸಾಬೀತಾದಂತಲ್ಲ. ಹಳೆಯ ಪೀಠೋಪಕರಣದ ಹಲಗೆಯನ್ನು ಬಿಚ್ಚಿ ಅದರ ಮೇಲೆ ಹೊಸ ಚಿತ್ರ ಬರೆಯುವುದು ನಕಲಿಗಾರರ ಅತ್ಯಂತ ಹಳೆಯ ಉಪಾಯಗಳಲ್ಲಿ ಒಂದು.

ಹಲಗೆ ಹಳೆಯದಾಗಿದ್ದು ಬಣ್ಣ ಹೊಸದಾಗಿದ್ದರೆ ಅದನ್ನು ಹಿಡಿಯುವ ದಾರಿ ಬಣ್ಣದಲ್ಲಿಯೇ ಇದೆ. ಬಣ್ಣವನ್ನು ಕಲಸಿದ ಅಗಸೆ ಎಣ್ಣೆಯೂ ಗಿಡದಿಂದ ಬಂದದ್ದೇ. 1950 ಮತ್ತು 60ರ ದಶಕಗಳಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಉತ್ತರ ಗೋಳಾರ್ಧದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು; 1963ರ ನಿಷೇಧ ಒಪ್ಪಂದದ ನಂತರ ಮೆಲ್ಲಮೆಲ್ಲನೆ ಇಳಿಯಿತು. ಆ ಬಳಿಕದ ದಶಕಗಳಲ್ಲಿ ಬೆಳೆದ ಅಗಸೆಯ ಬೀಜದಲ್ಲಿ ಈ ಗುರುತು ಇರುತ್ತದೆ, ಅದನ್ನು ಅಳಿಸಲು ಯಾರಿಂದಲೂ ಆಗದು. 2019ರಲ್ಲಿ ಜ್ಯೂರಿಕ್‌ನ ಸಂಶೋಧಕರು 1866 ಎಂದು ಇಸವಿ ಬರೆದಿದ್ದ, ನಕಲಿಯೆಂದು ಮೊದಲೇ ತಿಳಿದಿದ್ದ ಒಂದು ಹಳ್ಳಿಯ ಚಿತ್ರದಿಂದ ಒಂದು ಮಿಲಿಗ್ರಾಂಗಿಂತಲೂ ಕಡಿಮೆ ಬಣ್ಣವನ್ನು ತೆಗೆದು ಅಳೆದಾಗ, ಎಣ್ಣೆ 20ನೇ ಶತಮಾನದ ಉತ್ತರಾರ್ಧದ್ದೆಂದು ಸ್ಪಷ್ಟವಾಯಿತು. ಮರುಬಳಸಿದ ಹಳೆಯ ಕ್ಯಾನ್ವಾಸನ್ನು ಮಾತ್ರ ಅಳೆದರೆ ಮುಚ್ಚಿಹೋಗಬಹುದಾದ ಸತ್ಯ ಇಷ್ಟು ಚಿಕ್ಕ ಚೂರಿನಿಂದ ಹೊರಬರುತ್ತದೆ ಎಂಬುದು ನಮ್ಮ ಕ್ಷೇತ್ರದಲ್ಲಿ ಬಹಳ ದೊಡ್ಡ ಮುನ್ನಡೆ.

ಆದರೂ ನಿತ್ಯದ ಕೆಲಸದಲ್ಲಿ ಅತಿ ಹೆಚ್ಚು ನಕಲಿಗಳನ್ನು ಹಿಡಿದುಕೊಡುವುದು ವರ್ಣದ್ರವ್ಯಗಳು. ಯಾವ ಬಣ್ಣ ಯಾವಾಗ ಹುಟ್ಟಿತೆಂಬುದಕ್ಕೆ ಲಿಖಿತ ದಾಖಲೆಯಿದೆ. ಪ್ರಷ್ಯನ್ ನೀಲಿ 18ನೇ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್‌ನಲ್ಲಿ ಹುಟ್ಟಿತು. ಕೋಬಾಲ್ಟ್ ನೀಲಿಯನ್ನು ಫ್ರಾನ್ಸಿನ ತೆನಾರ್ 1802ರ ಸುಮಾರಿಗೆ ತಯಾರಿಸಿದರು. ನೀಲಮಣಿಯಂಥ ಲಾಜವರ್ದ ಕಲ್ಲನ್ನು ಅರೆದು ಮಾಡುತ್ತಿದ್ದ ಅಲ್ಟ್ರಾಮರೀನ್‌ಗೆ ಬದಲಾಗಿ ಕೃತಕ ಅಲ್ಟ್ರಾಮರೀನ್ ಬಂದದ್ದು 1828ರ ಸುಮಾರಿಗೆ. ಕಲ್ಲಿನದರ ಹರಳುಗಳು ಒರಟಾಗಿ, ದೊಡ್ಡದು ಚಿಕ್ಕದು ಬೆರೆತು ಕಂಡರೆ ಕೃತಕದ ಕಣಗಳು ನುಣ್ಣಗೆ, ಗುಂಡಗೆ, ಒಂದೇ ಅಳತೆಯಲ್ಲಿರುತ್ತವೆ, ಸೂಕ್ಷ್ಮದರ್ಶಕದಲ್ಲಿ ಈ ವ್ಯತ್ಯಾಸ ತಟ್ಟನೆ ಕಾಣುತ್ತದೆ. ಥಾಲೋಸಯನೀನ್ ನೀಲಿ 1930ರ ದಶಕದ್ದು. ಟೈಟಾನಿಯಂ ಬಿಳಿ ಕಲಾವಿದರ ಕೈಗೆ ಬಂದದ್ದು ಮೊದಲ ಮಹಾಯುದ್ಧದ ನಂತರ. ಜರ್ಮನಿಯ ನಕಲಿಗಾರ ವುಲ್ಫ್‌ಗಾಂಗ್ ಬೆಲ್ಟ್ರಾಚಿ ಈ ಪಟ್ಟಿಯನ್ನು ಚೆನ್ನಾಗಿ ಬಲ್ಲವನು. ಕಾಂಪೆನ್‌ಡಾಂಕ್ ಎಂಬ ಚಿತ್ರಕಾರನ 1914ರ ಕೃತಿಯೆಂದು ತಾನೇ ಬರೆದ ಕೆಂಪು ಕುದುರೆಗಳ ಚಿತ್ರಕ್ಕೆ ಅವನು ಸತುವಿನ ಬಿಳಿಯನ್ನೇ ಬಳಸಿದ್ದ. ಆದರೆ ಅಂಗಡಿಯಿಂದ ತಂದ ಆ ಟ್ಯೂಬಿನಲ್ಲಿ ಹೊದಿಕೆಯ ಮೇಲೆ ನಮೂದಿಸದ ಟೈಟಾನಿಯಂ ಬಿಳಿ ಸ್ವಲ್ಪ ಬೆರೆತಿತ್ತು. 2006ರಲ್ಲಿ 28 ಲಕ್ಷ ಯೂರೋಗಳಿಗೂ ಹೆಚ್ಚಿನ ಬೆಲೆಗೆ ಮಾರಾಟವಾಗಿದ್ದ ಆ ಚಿತ್ರದಿಂದಲೇ ಅವನ ಇಡೀ ಜಾಲ ಬಿಚ್ಚಿಕೊಂಡು, 2011ರಲ್ಲಿ ಅವನಿಗೆ ಶಿಕ್ಷೆಯಾಯಿತು.

ಹುಟ್ಟಿದ ಬಣ್ಣಗಳಷ್ಟೇ ಮುಖ್ಯವಾದವು ಮರೆತುಹೋದ ಬಣ್ಣಗಳು. ಸೀಸ ಮತ್ತು ತವರದಿಂದ ಮಾಡಿದ ಒಂದು ಹಳದಿಯನ್ನು ಯುರೋಪಿನ ಹಳೆಯ ಚಿತ್ರಕಾರರು ಧಾರಾಳವಾಗಿ ಬಳಸುತ್ತಿದ್ದರು. 18ನೇ ಶತಮಾನದ ಮಧ್ಯದ ಹೊತ್ತಿಗೆ ಅದು ಬಳಕೆಯಿಂದ ಹೋಗಿ ನೆನಪಿನಿಂದಲೂ ಹೋಯಿತು. 1941ರಲ್ಲಿ ಜರ್ಮನಿಯಲ್ಲಿ ವಿಶ್ಲೇಷಣೆಯ ಮೂಲಕ ಮತ್ತೆ ಪತ್ತೆಯಾಗುವವರೆಗೆ, ಹಳೆಯ ಚಿತ್ರಗಳಲ್ಲಿ ಅಂಥದ್ದೊಂದು ಬಣ್ಣವಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. 19ನೇ ಶತಮಾನದ ಒಬ್ಬ ನಕಲಿಗಾರ ಎಷ್ಟೇ ಜಾಣನಾಗಿದ್ದರೂ ತನಗೆ ಗೊತ್ತಿಲ್ಲದ ಬಣ್ಣವನ್ನು ಬಳಸಲಾರ. ಆದ್ದರಿಂದ ನಿಮ್ಮ ಚಿತ್ರದ ಹಳದಿಯಲ್ಲಿ ಮೂಲ ಬಣ್ಣದ ಪದರದಿಂದಲೇ ಸೀಸ-ತವರ ಒಟ್ಟಿಗೆ ಸಿಕ್ಕರೆ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ವಯಸ್ಸಿನ ಪರವಾಗಿ ಮಾತನಾಡುವ ಸಾಕ್ಷ್ಯಗಳು ನಮಗೆ ಸಿಗುವುದೇ ಅಪರೂಪ. ಹೆಚ್ಚಿನ ಪರೀಕ್ಷೆಗಳು ‘ಸುಳ್ಳು’ ಎಂದು ಗಟ್ಟಿಯಾಗಿ ಹೇಳಬಲ್ಲವು, ‘ನಿಜ’ ಎನ್ನುವಾಗ ಅವುಗಳ ದನಿ ಮೆತ್ತಗಾಗುತ್ತದೆ.

ಪರೀಕ್ಷೆಯನ್ನೇ ಗುರಿಯಾಗಿಟ್ಟುಕೊಂಡು ನಕಲು ಮಾಡಿದವರಲ್ಲಿ ಹಾನ್ ವಾನ್ ಮೇಖರೆನ್ ಎಂಬ ಡಚ್ ಚಿತ್ರಕಾರ ಎಲ್ಲರಿಗಿಂತ ದೊಡ್ಡವನು. ಎಣ್ಣೆಬಣ್ಣ ಪೂರ್ತಿ ಗಟ್ಟಿಯಾಗಲು ದಶಕಗಳೇ ಬೇಕು. ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯನ್ನು ಮೆಲ್ಲಗೆ ಒತ್ತಿದರೆ ಹೊಸ ಬಣ್ಣ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ, ಹಳೆಯದು ಬಿಡುವುದಿಲ್ಲ ಎಂಬುದು ಆ ಕಾಲದ ಮುಖ್ಯ ಪರೀಕ್ಷೆಯಾಗಿತ್ತು. ಅವನು ಬಣ್ಣಕ್ಕೆ ಬೇಕಲೈಟ್ ಜಾತಿಯ ಕೃತಕ ರಾಳವನ್ನು ಸೇರಿಸಿ, ಚಿತ್ರವನ್ನು ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ. 17ನೇ ಶತಮಾನದ ಕ್ಯಾನ್ವಾಸಿನ ಹಳೆಯ ಚಿತ್ರವನ್ನು ಕೆರೆದು, ಅದರ ಬಿರುಕುಗಳೇ ಮೇಲಕ್ಕೆ ಮೂಡುವಂತೆ ಮಾಡಿದ. ಅವನ ‘ಎಮ್ಮಾವುಸ್’ ಚಿತ್ರವನ್ನು 1937ರಲ್ಲಿ ಅಬ್ರಹಾಂ ಬ್ರೆಡಿಯಸ್ ಅವರಂಥ ಹಿರಿಯ ವಿದ್ವಾಂಸರು 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಶ್ರೇಷ್ಠ ಕೃತಿಯೆಂದು ಕೊಂಡಾಡಿದರು, ರಾಟರ್‌ಡ್ಯಾಮ್‌ನ ಸಂಗ್ರಹಾಲಯ ಅದನ್ನು ಪಡೆಯಿತು. ಯುದ್ಧ ಮುಗಿದ ಮೇಲೆ, ರಾಷ್ಟ್ರದ ಸಂಪತ್ತಾದ ವರ್ಮೀರ್ ಚಿತ್ರವನ್ನು ನಾಜಿ ನಾಯಕ ಗೋರಿಂಗ್‌ಗೆ ಸೇರುವಂತೆ ಮಾರಿದನೆಂದು 1945ರಲ್ಲಿ ಬಂಧನವಾದಾಗ, ಆ ಚಿತ್ರಗಳನ್ನು ಬರೆದದ್ದು ತಾನೇ ಎಂದು ಅವನು ಒಪ್ಪಿಕೊಂಡ. ತನಿಖಾ ಸಮಿತಿಗೆ ಬಣ್ಣದಲ್ಲಿ ಆ ರಾಳವೂ, ಗೋರಿಂಗ್ ಬಳಿಯಿದ್ದ ಚಿತ್ರದಲ್ಲಿ ವರ್ಮೀರ್ ಕಾಲದಲ್ಲಿ ಇರದಿದ್ದ ಕೋಬಾಲ್ಟ್ ನೀಲಿಯೂ ಸಿಕ್ಕವು.

ಅಷ್ಟಾದರೂ ‘ಎಮ್ಮಾವುಸ್’ ಮಾತ್ರ ವರ್ಮೀರನದೇ ಇರಬೇಕೆಂದು ಕೆಲವರು ಪಟ್ಟು ಹಿಡಿದಿದ್ದರು. ಅದಕ್ಕೆ ಕೊನೆಯ ಉತ್ತರ ಕೊಟ್ಟದ್ದು 1960ರ ದಶಕದಲ್ಲಿ ಬರ್ನಾರ್ಡ್ ಕೀಷ್ ರೂಪಿಸಿದ ಸೀಸದ ಪರೀಕ್ಷೆ. ಸೀಸದ ಅದಿರಿನಲ್ಲಿ ರೇಡಿಯಂ-226 ಮತ್ತು ಅದರಿಂದ ಹುಟ್ಟುವ ಸೀಸ-210 ಸಮತೋಲದಲ್ಲಿರುತ್ತವೆ. ಅದಿರನ್ನು ಕರಗಿಸಿದಾಗ ರೇಡಿಯಂನ ಬಹುಪಾಲು ಕಿಟ್ಟದೊಂದಿಗೆ ಹೊರಟುಹೋಗುತ್ತದೆ, ಸೀಸ-210 ಮಾತ್ರ ಲೋಹದಲ್ಲಿ ಉಳಿಯುತ್ತದೆ. ಪೋಷಿಸುವ ರೇಡಿಯಂ ಇಲ್ಲದ್ದರಿಂದ ಅದು ಸುಮಾರು 22 ವರ್ಷಗಳಿಗೊಮ್ಮೆ ಅರ್ಧವಾಗುತ್ತ, ಒಂದೂವರೆ ಎರಡು ಶತಮಾನಗಳಲ್ಲಿ ಉಳಿದ ಚೂರು ರೇಡಿಯಂಗೆ ಸರಿಸಮವಾಗುತ್ತದೆ. 300 ವರ್ಷ ಹಳೆಯ ಸೀಸದ ಬಿಳಿಯಲ್ಲಿ, ಅಂದರೆ ಸೀಸದಿಂದ ಮಾಡಿದ ಬಿಳಿ ಬಣ್ಣದಲ್ಲಿ, ಇವೆರಡರ ವಿಘಟನೆಯ ವೇಗ ಹತ್ತಿರಹತ್ತಿರ ಒಂದೇ ಇರಬೇಕು. ‘ಎಮ್ಮಾವುಸ್’ನಲ್ಲಿ ಸೀಸ-210ರ ಬದಲಿಗೆ ಅಳೆದ, ಅದರಿಂದಲೇ ಹುಟ್ಟುವ ಪೊಲೋನಿಯಂ ಒಂದು ಗ್ರಾಂ ಸೀಸಕ್ಕೆ ನಿಮಿಷಕ್ಕೆ 8.5 ವಿಘಟನೆಗಳನ್ನು ತೋರಿಸಿತು, ರೇಡಿಯಂ ತೋರಿಸಿದ್ದು 0.8. ಹತ್ತು ಪಟ್ಟಿನ ಈ ಅಂತರಕ್ಕೆ 17ನೇ ಶತಮಾನದಲ್ಲಿ ಜಾಗವಿಲ್ಲ. ಒಲೆಯಲ್ಲಿ ಬೇಯಿಸಿ ಬಿರುಕು ತರಿಸಬಹುದು, ಸೀಸಕ್ಕೆ ವಯಸ್ಸು ತರಿಸಲಾಗದು.

ನಿಮ್ಮ ಚಿತ್ರದ ಸಹಿಯ ಬಗ್ಗೆಯೂ ಒಂದು ಮಾತು. ಎರಡು ಕಣ್ಣುಗಳ ಸಾಧಾರಣ ಸೂಕ್ಷ್ಮದರ್ಶಕದಡಿ, ಇಪ್ಪತ್ತು ಮೂವತ್ತು ಪಟ್ಟು ಹಿಗ್ಗಿಸಿ ಸಹಿಯ ಗೆರೆಯೊಂದು ಬಿರುಕನ್ನು ದಾಟುವ ಜಾಗವನ್ನು ನೋಡಬೇಕು. ಸಹಿ ಚಿತ್ರದಷ್ಟೇ ಹಳೆಯದಾಗಿದ್ದರೆ ಬಿರುಕು ಸಹಿಯನ್ನೂ ಸೀಳಿಕೊಂಡು ಹೋಗಿರುತ್ತದೆ; ಸೀಳಿದ ಅಂಚುಗಳು ಒಡೆದ ಮಡಕೆಯ ಅಂಚಿನಂತೆ ಚೂಪಾಗಿರುತ್ತವೆ. ಸಹಿಯನ್ನು ನಂತರ ಹಾಕಿದ್ದರೆ ಅದರ ಬಣ್ಣ ಬಿರುಕಿನೊಳಕ್ಕೆ ಇಳಿದು, ಗೋಡೆಯ ಸಂದಿನಲ್ಲಿ ಸುಣ್ಣ ನಿಂತಂತೆ ನಿಂತಿರುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಡ, ಮಾದರಿ ತೆಗೆಯುವುದೂ ಬೇಡ. ಆದರೂ ಎಷ್ಟೋ ಒಳ್ಳೆಯ ಅನಾಮಿಕ ಚಿತ್ರಗಳಿಗೆ ಮೇಲಿಂದ ಅಂಟಿಸಿದ ದೊಡ್ಡ ಹೆಸರುಗಳು ಈ ಒಂದು ನೋಟಕ್ಕೆ ಉದುರಿಬಿದ್ದಿವೆ. ಅತಿನೇರಳೆ ಬೆಳಕಿನಲ್ಲಿ ಹಳೆಯ ರಾಳದ ವಾರ್ನಿಶ್ ಹಸಿರಾಗಿ ಹೊಳೆಯುತ್ತದೆ, ನಂತರದ ತಿದ್ದುಪಡಿಗಳು ಕಪ್ಪು ಕಲೆಗಳಂತೆ ಎದ್ದು ಕಾಣುತ್ತವೆ. ಅವಕೆಂಪು ಕಿರಣದಲ್ಲಿ ಬಣ್ಣದಡಿಯ ಇದ್ದಿಲಿನ ಕರಡುಗೆರೆಗಳೂ, ಎಕ್ಸ್-ರೇಯಲ್ಲಿ ಅಡಿಯಲ್ಲಿ ಅಡಗಿದ ಬೇರೆ ಚಿತ್ರವಿದ್ದರೆ ಅದೂ ತೋರುತ್ತವೆ.

ಇನ್ನು ಕುದುರೆ. ಸುಟ್ಟಮಣ್ಣಿಗೆ ಸರಿಯಾದ ಪರೀಕ್ಷೆಯ ಹೆಸರು ಥರ್ಮೋಲ್ಯೂಮಿನೆಸೆನ್ಸ್, ಅಂದರೆ ಕಾಯಿಸಿದಾಗ ಹೊಮ್ಮುವ ಬೆಳಕಿನ ಅಳತೆ. ಜೇಡಿಮಣ್ಣಿನಲ್ಲಿರುವ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ಹರಳುಗಳು, ಸುತ್ತಲಿನ ಮಣ್ಣಿನಲ್ಲಿ ಸಹಜವಾಗಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದ ಶಕ್ತಿಯನ್ನು ವರ್ಷವರ್ಷವೂ ಹಿಡಿದಿಟ್ಟುಕೊಳ್ಳುತ್ತ ಹೋಗುತ್ತವೆ. ಆವಿಗೆಯ ಬೆಂಕಿಯಲ್ಲಿ ಹಿಂದಿನ ಸಂಗ್ರಹವೆಲ್ಲ ಬರಿದಾಗಿ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಮತ್ತೆ ಕಾಯಿಸಿ, ಹೊರಬಂದ ಬೆಳಕಿನಿಂದ ಒಟ್ಟು ಸಂಗ್ರಹವನ್ನು ತಿಳಿದು, ವರ್ಷಕ್ಕೆ ಸೇರುವ ಪ್ರಮಾಣದಿಂದ ಭಾಗಿಸಿದರೆ ಸುಟ್ಟು ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ. ವಸ್ತು ಯಾವ ನೆಲದಲ್ಲಿ ಹೂತಿತ್ತು, ಅಲ್ಲಿ ತೇವ ಎಷ್ಟಿತ್ತು ಎಂಬುದು ತಿಳಿಯದಿರುವಾಗ ಶೇಕಡಾ ಇಪ್ಪತ್ತೋ ಇಪ್ಪತ್ತೈದೋ ಹೆಚ್ಚುಕಡಿಮೆಯಾಗುವುದು ಸಹಜ. ಆದರೆ 1,200 ವರ್ಷದ್ದೋ 50 ವರ್ಷದ್ದೋ ಎಂಬ ಪ್ರಶ್ನೆಗೆ ಅಷ್ಟು ಧಾರಾಳವಾಗಿ ಸಾಕು.

ಮಾದರಿ ತೆಗೆಯುವುದನ್ನು ನೀವು ಒಮ್ಮೆ ನೋಡಿದರೆ ಈ ಕೆಲಸ ಎಷ್ಟು ನಾಜೂಕಿನದೆಂದು ತಿಳಿಯುತ್ತದೆ. ಬೆಳಕು ತಾಗಿದರೆ ಹರಳುಗಳು ಹಿಡಿದಿಟ್ಟದ್ದನ್ನು ಬಿಟ್ಟುಕೊಡುವುದರಿಂದ ಮಂದವಾದ ಕೆಂಪು ದೀಪವೊಂದನ್ನು ಬಿಟ್ಟು ಕೋಣೆಯನ್ನೆಲ್ಲ ಕತ್ತಲು ಮಾಡುತ್ತೇವೆ. ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು. ಬಿಸಿಯಾಗದಂತೆ ಬಹಳ ನಿಧಾನವಾಗಿ ತಿರುಗುವ ಸಣ್ಣ ಬೈರಿಗೆಯಿಂದ, ಪ್ರದರ್ಶನದಲ್ಲಿ ಕಾಣದ ಅಡಿಭಾಗದಲ್ಲಿ ತೂತು ಕೊರೆಯುತ್ತೇವೆ. ಮೇಲ್ಪದರದ ಪುಡಿಗೆ ಬೆಳಕು ತಾಗಿರುವುದರಿಂದ ಅದನ್ನು ಬದಿಗಿಟ್ಟು, ಆಳದಿಂದ ಬಂದ ಚಿಟಿಕೆಗಿಂತ ಕಡಿಮೆ ಪುಡಿಯನ್ನು ಮಾತ್ರ ಹಿಡಿಯುತ್ತೇವೆ. ಹಾಗೆ ಒಮ್ಮೆ ನಾನು ಒಂದು ಪ್ರಾಣಿಯ ಬೊಂಬೆಯ ಪಾದದಿಂದ ಮಾದರಿ ತೆಗೆದಾಗ ಸಾವಿರ ವರ್ಷಕ್ಕೂ ಹಳೆಯದೆಂಬ ಉತ್ತರ ಬಂದಿತು. ಎಕ್ಸ್-ರೇ ಚಿತ್ರದಲ್ಲಿ ಪಾದದ ಮೇಲುಗಡೆ ಒಂದು ತೆಳುವಾದ ಜೋಡುಗೆರೆ ಕಂಡದ್ದರಿಂದ ಬೆನ್ನಿನಡಿಯಿಂದ ಇನ್ನೊಂದು ಮಾದರಿ ತೆಗೆದೆ. ಅದು ಕಾಯಿಸಿದರೂ ಹೆಚ್ಚುಕಡಿಮೆ ಕತ್ತಲಾಗಿಯೇ ಉಳಿಯಿತು. ಹಳೆಯ ಪೀಠ ಮತ್ತು ಪಾದಗಳ ಮೇಲೆ ಹೊಸ ಮೈಯನ್ನು ಕಟ್ಟಿದ್ದರು. ಮಾದರಿ ಎಲ್ಲಿಂದ ತೆಗೆಯುತ್ತಾರೆಂದು ಕಟ್ಟಿದವರಿಗೆ ಗೊತ್ತಿತ್ತು. ಅಂದಿನಿಂದ ನಾನು ಎಕ್ಸ್-ರೇ ನೋಡದೆ ಬೈರಿಗೆಯನ್ನು ಕೈಗೆತ್ತಿಕೊಂಡಿಲ್ಲ, ಒಂದೇ ಜಾಗದ ಮಾದರಿಯ ಮೇಲೆ ವರದಿ ಬರೆದಿಲ್ಲ. ಹೊಸ ಬೊಂಬೆಗೆ ಕೃತಕವಾಗಿ ವಿಕಿರಣ ಉಣಿಸಿ ವಯಸ್ಸು ಹೆಚ್ಚಿಸುವುದು ಇನ್ನೊಂದು ವಂಚನೆ. ಹಾಗೆಂದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಾಗುವ ಎಕ್ಸ್-ರೇಯಿಂದ ಫಲಿತಾಂಶ ಬುಡಮೇಲಾಗುವುದಿಲ್ಲ. ಆ ಪ್ರಮಾಣ ಶತಮಾನಗಳ ಸಂಗ್ರಹದ ಮುಂದೆ ಬಹಳ ಚಿಕ್ಕದು.

ಇದೇ ಪರೀಕ್ಷೆ ಅಸಲಿಯೊಂದನ್ನು ಕಳಂಕದಿಂದ ಪಾರುಮಾಡಿದ್ದೂ ಇದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯ 1923ರಲ್ಲಿ ಕೊಂಡ ಗ್ರೀಕ್ ಕಂಚಿನ ಕುದುರೆಯ ಮೈಮೇಲೆ ಮೂಗಿನಿಂದ ಬಾಲದವರೆಗೆ ಒಂದು ಗೆರೆಯಿರುವುದನ್ನು ಗಮನಿಸಿ, ಅದು ಆಧುನಿಕ ಅಚ್ಚಿನ ಗುರುತೆಂದು ತೀರ್ಮಾನಿಸಿ 1967ರಲ್ಲಿ ಅದನ್ನು ನಕಲಿ ಎಂದು ಸಾರಲಾಯಿತು. ಮುಂದೆ ಆ ಗೆರೆ ಇದ್ದದ್ದು ಮೇಲೆ ಬಳಿದ ಮೇಣದಲ್ಲಿ ಮಾತ್ರ ಎಂದು ತಿಳಿಯಿತು; ಎರಕದ ಒಳಗೆ ಉಳಿದಿದ್ದ ಮಣ್ಣಿನ ಗರ್ಭವನ್ನು ಥರ್ಮೋಲ್ಯೂಮಿನೆಸೆನ್ಸ್‌ನಿಂದ ಅಳೆದಾಗ ಅದು ಪ್ರಾಚೀನವೆಂದು ಸಿದ್ಧವಾಗಿ, 1972ರಲ್ಲಿ ಕುದುರೆಗೆ ಅದರ ಗೌರವ ಮರಳಿತು. ಕುದುರೆಯನ್ನು ನಕಲಿಯೆಂದು ಸಾರಿದ, ಸಂಗ್ರಹಾಲಯದ ಅಧಿಕಾರಿ ಜೋಸೆಫ್ ನೋಬಲ್ ಅವರೇ ಅದಕ್ಕೂ ಕೆಲವು ವರ್ಷ ಮೊದಲು, ಅದೇ ಸಂಗ್ರಹಾಲಯದ ಹೆಮ್ಮೆಯಾಗಿದ್ದ, ಪ್ರಾಚೀನ ಇಟಲಿಯ ಎಟ್ರಸ್ಕನ್ ಯೋಧರ ಮೂರು ಬೃಹತ್ ಮಣ್ಣಿನ ಮೂರ್ತಿಗಳ ಕಪ್ಪು ಮೆರುಗಿನಲ್ಲಿ ಎಟ್ರಸ್ಕನ್ನರು ಬಳಸದ ಮ್ಯಾಂಗನೀಸನ್ನು ಕಂಡು ಅವು ನಕಲಿಯೆಂದು ಸರಿಯಾಗಿ ಹೇಳಿದ್ದರು. 1961ರಲ್ಲಿ ರೋಮಿನಲ್ಲಿ, ಅವನ್ನು ಮಾಡಿದವರಲ್ಲಿ ಒಬ್ಬನಾದ ಅಲ್ಫ್ರೆಡೋ ಫಿಯೊರವಾಂತಿ ತಪ್ಪೊಪ್ಪಿಕೊಂಡು, ಒಬ್ಬ ಯೋಧನ ಕೈಯಿಂದ ತಾನು ಮುರಿದಿಟ್ಟುಕೊಂಡಿದ್ದ ಹೆಬ್ಬೆರಳನ್ನು ತೋರಿಸಿದ. ಅದನ್ನು ಮೂರ್ತಿಯ ಕೈಗೆ ಹೊಂದಿಸಿ ನೋಡಿದಾಗ ಮುರಿದ ಅಂಚು ಸರಿಯಾಗಿ ಕೂತುಕೊಂಡಿತು. ಒಬ್ಬರೇ ತಜ್ಞರು ಒಮ್ಮೆ ಸರಿ, ಒಮ್ಮೆ ತಪ್ಪು: ಪರಿಣತರ ಒಂದು ಹೇಳಿಕೆಗೆ ಎಷ್ಟು ಬೆಲೆ ಕೊಡಬೇಕೆಂದು ಯೋಚಿಸುವಾಗ ನನಗೆ ಈ ಎರಡೂ ಪ್ರಕರಣಗಳು ಒಟ್ಟಿಗೇ ನೆನಪಾಗುತ್ತವೆ.

ಕಲ್ಲಿನ ಶಿಲ್ಪ ನಿಮ್ಮಲ್ಲಿಲ್ಲದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಕೆತ್ತಿದ ದಿನವನ್ನು ಕಲ್ಲು ಎಲ್ಲಿಯೂ ಬರೆದಿಟ್ಟುಕೊಳ್ಳುವುದಿಲ್ಲ, ಮೇಲ್ಮೈಯ ಸವಕಳಿಯಿಂದಲೇ ಊಹಿಸಬೇಕು. ಅಮೆರಿಕದ ಗೆಟ್ಟಿ ಸಂಗ್ರಹಾಲಯ 1985ರಲ್ಲಿ ಕೊಂಡ ಗ್ರೀಕ್ ಯುವಕನ ಅಮೃತಶಿಲೆಯ ಮೂರ್ತಿಯ ಮೇಲ್ಪದರ ಶತಮಾನಗಳ ಹವೆಯಿಂದಲೇ ಆಗುವಂಥದ್ದೆಂದು ಮೊದಲು ವಿಜ್ಞಾನಿಗಳು ವಾದಿಸಿದರು; ಅಂಥ ಪದರವನ್ನು ಕೃತಕವಾಗಿಯೂ ತರಿಸಬಹುದೆಂದು ಮುಂದೆ ತಿಳಿಯಿತು. ಬಹಳ ವರ್ಷ ಆ ಮೂರ್ತಿಯ ಫಲಕದಲ್ಲಿ ‘ಗ್ರೀಕ್, ಸುಮಾರು ಕ್ರಿ.ಪೂ. 530, ಅಥವಾ ಆಧುನಿಕ ನಕಲಿ’ ಎಂದೇ ಬರೆದಿತ್ತು. ಆ ಫಲಕವನ್ನು ಬರೆದವರ ಬಗ್ಗೆ ನನಗೆ ಗೌರವವಿದೆ.

ಇನ್ನು, ವಯಸ್ಸು ಸರಿಯಿದೆಯೆಂದು ಸಾಬೀತಾದರೂ ‘ಅಸಲಿ’ ಎಂಬ ಮಾತು ಪೂರ್ತಿಯಾಗುವುದಿಲ್ಲ. ಒಬ್ಬ ಗುರುವಿನ ಚಿತ್ರವನ್ನು ಅವನ ಶಿಷ್ಯ ಅದೇ ಕೋಣೆಯಲ್ಲಿ, ಅದೇ ಬಣ್ಣದಿಂದ, ಅದೇ ವರ್ಷ ನಕಲು ಮಾಡಿದ್ದರೆ ಯಾವ ಪರೀಕ್ಷೆಯೂ ಅವೆರಡನ್ನು ಬೇರ್ಪಡಿಸಲಾರದು. ಅಲ್ಲಿ ಬೇಕಾದುದು ಕುಂಚದ ಚಲನೆಯನ್ನು ಬಲ್ಲ ಕಣ್ಣು ಮತ್ತು ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆ. ನಿಮ್ಮ ತಂದೆಯವರು ಇವನ್ನು ಯಾವಾಗ, ಯಾರಿಂದ ಪಡೆದರು ಎಂಬುದಕ್ಕೆ ಒಂದು ರಸೀದಿ, ಒಂದು ಪತ್ರ, ಹಿನ್ನೆಲೆಯಲ್ಲಿ ಚಿತ್ರ ತೂಗಿರುವ ಒಂದು ಹಳೆಯ ಫೋಟೋ ಸಿಕ್ಕರೂ ಅದನ್ನು ಜೋಪಾನವಾಗಿಡಿ. ಹಲಗೆಯ ಹಿಂಭಾಗದ ಚೀಟಿ, ಮೊಹರು, ಸೀಮೆಸುಣ್ಣದ ಅಂಕಿ ಯಾವುದನ್ನೂ ಕೀಳಬೇಡಿ.

ನೀವು ಮಾಡಬೇಕಾದ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ಮೊದಲಿಗೆ ಎರಡನ್ನೂ ಒರೆಸುವುದು, ತೊಳೆಯುವುದು, ಎಣ್ಣೆ ಹಚ್ಚುವುದು ಬೇಡ. ಬಿರುಕಿನಲ್ಲಿ ಕುಳಿತ ಧೂಳು, ಮಣ್ಣಿನ ಕಲೆ ಎಲ್ಲವೂ ಸಾಕ್ಷ್ಯವೇ. ಸಂರಕ್ಷಣಾ ಪ್ರಯೋಗಾಲಯವಿರುವ ಸಂಗ್ರಹಾಲಯ ಅಥವಾ ವಿಶ್ವವಿದ್ಯಾಲಯವನ್ನು, ಮಾರಾಟದಲ್ಲಿ ಪಾಲಿಲ್ಲದವರನ್ನು ಸಂಪರ್ಕಿಸಿ. ಚಿತ್ರಕ್ಕೆ ಮೊದಲು ಹಾನಿಯಿಲ್ಲದ ಪರೀಕ್ಷೆಗಳಾಗಲಿ: ಸೂಕ್ಷ್ಮದರ್ಶಕ, ಅತಿನೇರಳೆ, ಅವಕೆಂಪು, ಎಕ್ಸ್-ರೇ, ಮುಟ್ಟದೆಯೇ ಧಾತುಗಳನ್ನು ಗುರುತಿಸುವ ಎಕ್ಸ್-ರೇ ಫ್ಲೋರೆಸೆನ್ಸ್, ಹಲಗೆಯ ಉಂಗುರಗಳ ಎಣಿಕೆ. ಇವುಗಳಲ್ಲಿಯೇ ಟೈಟಾನಿಯಂ ಬಿಳಿ ಮೂಲ ಪದರದಲ್ಲಿ ಕಂಡುಬಂದರೆ ಮುಂದಿನ ಖರ್ಚು ಉಳಿಯುತ್ತದೆ. ಆದರೆ ಅದು ನಂತರದ ತಿದ್ದುಪಡಿಯಲ್ಲಿ ಮಾತ್ರವಿದ್ದರೆ ಚಿತ್ರವನ್ನು ದೂರುವಂತಿಲ್ಲ, ಆದ್ದರಿಂದ ಯಾವ ಪದರದಿಂದ ಎಂದು ಕೇಳಿ ಬರೆಸಿಕೊಳ್ಳಿ. ಎಲ್ಲವೂ ಹೊಂದಿಕೊಂಡ ಮೇಲೆ ಮಾತ್ರ ಬಣ್ಣದ ಚೂರು ತೆಗೆಯಲು ಒಪ್ಪಿಗೆ ಕೊಡಿ.

ಕುದುರೆಯನ್ನು ಇಂದೇ, ಮೆತ್ತನೆಯ ಬಟ್ಟೆಯ ಮೇಲೆ ಎರಡು ಕೈಯಿಂದ ಮಗ್ಗುಲಾಗಿ ಮಲಗಿಸಿ, ಹಗಲಿನ ಬೆಳಕಿನಲ್ಲಿ ಪಾದಗಳ ಅಡಿ, ಪೀಠದ ಅಡಿ ಮತ್ತು ಹೊಟ್ಟೆಯ ಕೆಳಭಾಗವನ್ನು ನೋಡಿ. ಥರ್ಮೋಲ್ಯೂಮಿನೆಸೆನ್ಸ್ ಪರೀಕ್ಷೆ ನಿಜವಾಗಿಯೂ ನಡೆದಿದ್ದರೆ ಅಲ್ಲಿ ಎರಡು ಮೂರು ಮಿಲಿಮೀಟರ್ ಅಗಲದ, ಅಂಚು ದುಂಡಗಿರುವ ತೂತುಗಳು, ಇಲ್ಲವೇ ಅವನ್ನು ತುಂಬಿ ಬಣ್ಣ ಹೊಂದಿಸಿದ ಗುರುತುಗಳು ಇರುತ್ತವೆ. ಅವು ಇದ್ದರೆ ಎಷ್ಟಿವೆ, ಯಾವ ಯಾವ ಜಾಗದಲ್ಲಿವೆ ಎಂದು ಫೋಟೋ ತೆಗೆದು, ಮೂಲ ವರದಿಯ ಪ್ರತಿ ಮತ್ತು ಅದರಲ್ಲಿನ ಮಾದರಿ ತೆಗೆದ ಜಾಗದ ಚಿತ್ರವನ್ನು ಕೊಡುವಂತೆ ಪ್ರಮಾಣಪತ್ರ ಬರೆದವರನ್ನು ಕೇಳಿ. ಒಂದು ತೂತೂ, ತುಂಬಿದ ಗುರುತೂ ಇಲ್ಲದಿದ್ದರೆ ಆ ಕುದುರೆಯ ವಯಸ್ಸನ್ನು ಇದುವರೆಗೆ ಯಾರೂ ಅಳೆದಿಲ್ಲವೆಂದೇ ತಿಳಿಯಬಹುದು.